ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಮೆಮೊರಿಯ ಮಿತಿ: ಒಂದು ವಿವೇಚನೆ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರದ ಮೆಮೊರಿಯನ್ನು ಕುರಿತ ಲೇಖನವು ಅಪ್ರಸ್ತುತವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಈ ಪ್ರಶ್ನೆಯನ್ನು ನಾವು ಹುಡುಕಿಕೊಂಡು ಹೋದುದಲ್ಲ. ಅದು ತರಗತಿಯೊಳಗಿನಿಂದಲೇ ಎದ್ದು ಬಂದಿತು. 2019ರಲ್ಲಿ ಹೊರಬಂದ 'ಏಜ್ ಆಫ್ ಎಂಪೈರ್ಸ್ 2: ಡೆಫಿನಿಟಿವ್ ಎಡಿಷನ್' ಎಂಬ ಗಣಕದ ಆಟಕ್ಕೆ 2022ರ ಏಪ್ರಿಲಿನಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬ ಅನುಬಂಧವು ಸೇರಿತು. ಅದರಲ್ಲಿ ರಾಜೇಂದ್ರ ಚೋಳನ ದಂಡಯಾತ್ರೆಗಳು ಆಟದ ವಸ್ತುವಾಗಿವೆ. ಚೋಳರ ಪಾಠವು ನಡೆಯುತ್ತಿದ್ದ ದಿನಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ನಮ್ಮ ವಿದ್ಯಾರ್ಥಿಗಳು ಇದನ್ನು ಆಡಲು ತೊಡಗಿದರು. ಪಾಠದಲ್ಲಿ ಕೇಳದ ಪ್ರಶ್ನೆಗಳನ್ನು ಆಟವನ್ನಾಡಿ ಬಂದು ಕೇಳಿದರು. 'ದ್ರಾವಿಡರು' ಎಂಬ ಭಾಷಾಶಾಸ್ತ್ರದ ಪದವನ್ನು ಒಂದು ರಾಜ್ಯಶಕ್ತಿಯ ಹೆಸರಾಗಿ ಬಳಸಿ, ಅದರ ಸೈನಿಕರೆಲ್ಲರಿಂದ ತಮಿಳನ್ನೇ ಆಡಿಸಿರುವುದನ್ನು ನಾವು ಒಪ್ಪಲಾರೆವು. ಆದರೆ ಆ ವಿಮರ್ಶೆಗೆ ಇದು ಸ್ಥಳವಲ್ಲ.

ಮೊಳಕಾಲ್ಮೂರಿನ ನೇಕಾರ ಮನೆತನದ ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಆಟವು ತೊದಲತೊಡಗಿತು. ಸೈನ್ಯ ಸ್ವಲ್ಪ ದೊಡ್ಡದಾದೊಡನೆ ಚಿತ್ರವು ನಿಂತು ನಿಂತು ಚಲಿಸುವುದು, ಒಮ್ಮೊಮ್ಮೆ ಆಟವೇ ಮುಚ್ಚಿಹೋಗುವುದು. ಆಟದ ತಯಾರಕರು ವಿಧಿಸಿರುವ ಕನಿಷ್ಠ ಅಗತ್ಯಗಳಲ್ಲಿ 4 ಗಿಗಾಬೈಟ್ ರ‍್ಯಾಮ್, ಇಂಟೆಲ್ ಎಚ್‌ಡಿ 4000 ಅಥವಾ ಅದಕ್ಕೆ ಮೇಲ್ಪಟ್ಟ ಗ್ರಾಫಿಕ್ಸ್, ಮತ್ತು 2 ಗಿಗಾಬೈಟ್ ಗ್ರಾಫಿಕ್ಸ್ ಮೆಮೊರಿ ಸೇರಿವೆ. ಇವನ ಯಂತ್ರದಲ್ಲಿ ಇಂಟೆಲ್ ಯುಎಚ್‌ಡಿ 620 ಗ್ರಾಫಿಕ್ಸ್ ಇದ್ದಿತು. ಅದರ ವಿವರದಲ್ಲಿ 'ಡೆಡಿಕೇಟೆಡ್ ವಿಡಿಯೋ ಮೆಮೊರಿ 128 ಎಂಬಿ' ಎಂದು ಬರೆದಿದ್ದಿತು. 2 ಗಿಗಾಬೈಟ್ ಬೇಕಾದ ಕಡೆ 128 ಮೆಗಾಬೈಟ್ ಎಂದರೆ ಹದಿನಾರರಲ್ಲಿ ಒಂದು ಪಾಲು. ಒಂದು ಅಂಗಡಿಯವರು ಅದನ್ನೇ ತೋರಿಸಿ, ಈ ಯಂತ್ರವು ನಿಷ್ಪ್ರಯೋಜಕ, ಹೊಸದನ್ನು ಕೊಳ್ಳಬೇಕು ಎಂದು ಹೇಳಿ ಕಳುಹಿಸಿದ್ದರು. ಹುಡುಗನ ತಂದೆಯವರು ಮಗ್ಗದ ಸಾಹುಕಾರರಲ್ಲಿ ಮುಂಗಡ ಪಡೆಯಲು ಸಿದ್ಧರಾಗಿದ್ದರು. ಮುಂಗಡವೆಂಬುದು ಆ ಮನೆಗಳಲ್ಲಿ ಎಷ್ಟು ಸೀರೆಗಳ ದುಡಿಮೆಯನ್ನು ಮೊದಲೇ ನುಂಗುವುದೆಂಬುದನ್ನು ಬಲ್ಲವರಿಗೆ ನಾವು ವಿವರಿಸಬೇಕಾಗಿಲ್ಲ. ಆ 128 ಎಂಬ ಸಂಖ್ಯೆಯ ನಿಜವಾದ ಅರ್ಥವೇನೆಂಬುದನ್ನು ಪರಿಶೀಲಿಸಲು ನಾವು ತೊಡಗಿದುದು ಈ ಸಂದರ್ಭದಲ್ಲಿ.

ಚಿತ್ರರಚನೆಗೆಂದೇ ಪ್ರತ್ಯೇಕ ಕಾರ್ಡು ಉಳ್ಳ ಯಂತ್ರದಲ್ಲಿ ಆ ಕಾರ್ಡಿಗೆ ತನ್ನದೇ ಆದ ಮೆಮೊರಿ ಇರುತ್ತದೆ. ಸಾಮಾನ್ಯ ಬೆಲೆಯ ಲ್ಯಾಪ್‌ಟಾಪಿನಲ್ಲಿ ಹಾಗಲ್ಲ. ಅಲ್ಲಿ ಚಿತ್ರ ಬರೆಯುವ ಭಾಗವು ಪ್ರೊಸೆಸರಿನೊಳಗೇ ಅಡಕವಾಗಿದ್ದು, ಯಂತ್ರದ ಒಟ್ಟು ರ‍್ಯಾಮನ್ನೇ ತಾನೂ ಬಳಸಿಕೊಳ್ಳುತ್ತದೆ. ಒಂದೇ ಕೆರೆಯ ನೀರನ್ನು ಗದ್ದೆಗೂ ತೋಟಕ್ಕೂ ಹಂಚುವ ಕ್ರಮವನ್ನು ನಮ್ಮ ಬಯಲುಸೀಮೆಯ ವಾಚಕರು ನೆನೆದುಕೊಂಡರೆ ವಿಷಯವು ಸ್ಪಷ್ಟವಾಗುವುದು. ಇಂಟೆಲ್ ಸಂಸ್ಥೆಯು 1999ರಲ್ಲಿಯೇ 810 ಎಂಬ ಚಿಪ್‌ಸೆಟ್ಟಿನಲ್ಲಿ ಈ ಕ್ರಮವನ್ನು ತಂದಿತು. 2011ರ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸು ಪ್ರೊಸೆಸರಿನ ತುಣುಕಿನೊಳಗೇ ಸೇರಿಹೋಯಿತು.

ಹಂಚಿಕೆಯ ಈ ತೊಡಕು ಹೊಸದೇನೂ ಅಲ್ಲ. 1981ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಬಿಬಿಸಿ ಮೈಕ್ರೋ ಯಂತ್ರದ ಬಿ ಮಾದರಿಯಲ್ಲಿ ಇದ್ದುದು 32 ಕಿಲೋಬೈಟ್ ಮೆಮೊರಿ. ಅದರ ಅತ್ಯಂತ ಸ್ಫುಟವಾದ ಚಿತ್ರವಿಧಾನವೊಂದೇ 20 ಕಿಲೋಬೈಟನ್ನು ತೆಗೆದುಕೊಳ್ಳುತ್ತಿದ್ದಿತು. ಉಳಿದ 12ರಲ್ಲಿ ಮಿಕ್ಕ ಕೆಲಸವೆಲ್ಲವೂ ನಡೆಯಬೇಕಾಗಿದ್ದಿತು. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದುದು ಇದೇ ಯಂತ್ರ. ಚಿತ್ರದ ಚೆಲುವನ್ನು ಹೆಚ್ಚಿಸಿದರೆ ಕೆಲಸದ ಸ್ಥಳವು ಕುಗ್ಗುವುದೆಂಬ ಪಾಠವನ್ನು ಅಂದಿನ ವಿದ್ಯಾರ್ಥಿಗಳು ಕಲಿತರು. ಇಂದಿನವರು ಕಿಲೋಬೈಟಿಗೆ ಬದಲಾಗಿ ಗಿಗಾಬೈಟಿನಲ್ಲಿ ಕಲಿಯುತ್ತಿದ್ದಾರೆ, ಅಷ್ಟೇ.

ಈಗ 128ರ ವಿಚಾರ. ಯಂತ್ರವನ್ನು ಚಾಲೂ ಮಾಡಿದೊಡನೆ ಗ್ರಾಫಿಕ್ಸಿಗಾಗಿ ಒಂದು ಸಣ್ಣ ಪಾಲನ್ನು ಮೊದಲೇ ತೆಗೆದಿಡಲಾಗುವುದು. ಕೆರೆಯ ಮಗ್ಗುಲಲ್ಲಿ ತುಂಬಿಟ್ಟ ತೊಟ್ಟಿಯಂತೆ ಇದು. ತೊಟ್ಟಿಯ ನೀರು ಮುಗಿದರೆ ಗ್ರಾಫಿಕ್ಸು ಸುಮ್ಮನೆ ಕೂರುವುದಿಲ್ಲ, ಕೆರೆಯಿಂದಲೇ ಎತ್ತಿಕೊಳ್ಳುತ್ತದೆ. ವಿಂಡೋಸ್ ವ್ಯವಸ್ಥೆಯು ಹೀಗೆ ಎತ್ತಿಕೊಳ್ಳಲು ಸಾಮಾನ್ಯವಾಗಿ ಒಟ್ಟು ರ‍್ಯಾಮಿನ ಅರ್ಧದಷ್ಟಕ್ಕೆ ಅವಕಾಶ ಕೊಡುತ್ತದೆ. 8 ಗಿಗಾಬೈಟಿನ ಯಂತ್ರದಲ್ಲಿ ಅದು ಸುಮಾರು 4 ಗಿಗಾಬೈಟ್, 4 ಗಿಗಾಬೈಟಿನ ಯಂತ್ರದಲ್ಲಿ ಸುಮಾರು 2. ಆದುದರಿಂದ 128 ಎಂಬುದು ಮಿತಿಯಲ್ಲ, ಮುಂಗಡವಾಗಿ ಕಾಯ್ದಿಟ್ಟ ಪಾಲು ಮಾತ್ರ. ಅಂಗಡಿಯವರ ತೀರ್ಮಾನವು ಇಲ್ಲಿಯೇ ತಪ್ಪಿತ್ತು. ಹಾಗೆಂದು ಹುಡುಗನ ತೊಂದರೆಯು ಕಲ್ಪಿತವೂ ಅಲ್ಲ: 4 ಗಿಗಾಬೈಟಿನಲ್ಲಿ ಗ್ರಾಫಿಕ್ಸು 2ನ್ನು ಎತ್ತಿಕೊಂಡರೆ, ವಿಂಡೋಸ್, ಆಟ, ತೆರೆದಿಟ್ಟ ಬ್ರೌಸರು ಇವೆಲ್ಲವೂ ಉಳಿದ 2ರಲ್ಲಿ ಇಕ್ಕಟ್ಟಿನಿಂದ ಬಾಳಬೇಕು. ಹಿಡಿಸದಿದ್ದುದನ್ನು ವಿಂಡೋಸ್ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಇದ್ದರಂತೂ ಈ ಸಾಗಾಟದಿಂದ ಚಿತ್ರವು ಕ್ಷಣಕಾಲ ಸ್ತಬ್ಧವಾಗುವುದು.

ಕೆರೆಯ ಉಪಮೆಯಲ್ಲಿ ಇನ್ನೊಂದು ಅಂಶವಿದೆ. ಬಹುಮಂದಿ ಗಮನಿಸದಿರುವುದು ಅದನ್ನೇ. ಕೆರೆಯಲ್ಲಿ ನೀರೆಷ್ಟಿದೆ ಎಂಬುದು ಒಂದು ಪ್ರಶ್ನೆ, ತೂಬಿನಿಂದ ಗಳಿಗೆಗೆ ಎಷ್ಟು ಹರಿಯುತ್ತದೆ ಎಂಬುದು ಮತ್ತೊಂದು. ಡಿಡಿಆರ್4-2400 ಎಂಬ ರ‍್ಯಾಮಿನ ಪಟ್ಟಿಯೊಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 19.2 ಗಿಗಾಬೈಟ್ ಹರಿಯುವುದು. ಎರಡು ಪಟ್ಟಿಗಳನ್ನು ಎರಡು ಸ್ಲಾಟುಗಳಲ್ಲಿ ಕೂರಿಸಿದರೆ ಎರಡು ತೂಬು ತೆರೆದಂತಾಗಿ 38.4 ಆಗುವುದು. ತನ್ನದೇ ಮೆಮೊರಿಯುಳ್ಳ ಜಿಟಿಎಕ್ಸ್ 1650ರಂಥ ಸಾಧಾರಣ ಕಾರ್ಡಿಗೆ ದೊರೆಯುವ ಹರಿವು 128 ಗಿಗಾಬೈಟ್. ಹೀಗಿರಲು, 8 ಗಿಗಾಬೈಟಿನ ಒಂದೇ ಪಟ್ಟಿಗಿಂತ 4ರ ಎರಡು ಪಟ್ಟಿಗಳು ಆಟಕ್ಕೆ ಮೇಲು. ಒಟ್ಟು ಮೊತ್ತವು ಒಂದೇ ಆದರೂ ಫಲವು ಒಂದೇ ಅಲ್ಲ.

ಯಂತ್ರವನ್ನು ಬಿಚ್ಚದೆಯೇ ಇವೆಲ್ಲವನ್ನೂ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅದರ 'ಪರ್ಫಾರ್ಮೆನ್ಸ್' ಪುಟದಲ್ಲಿ ಮೆಮೊರಿಯನ್ನು ಆರಿಸಿದರೆ ಎಷ್ಟು ಸ್ಲಾಟುಗಳಲ್ಲಿ ಎಷ್ಟು ಬಳಕೆಯಲ್ಲಿವೆ ಎಂಬುದೂ, ಜಿಪಿಯು ಎಂಬುದನ್ನು ಆರಿಸಿದರೆ ಹಂಚಿಕೆಯ ಮೆಮೊರಿಯಲ್ಲಿ ಎಷ್ಟು ಖರ್ಚಾಗಿದೆ ಎಂಬುದೂ ಕಾಣುವುವು. ಆಟವನ್ನು ನಡೆಸುತ್ತಿರುವಾಗಲೇ ಇದನ್ನು ನೋಡತಕ್ಕದ್ದು. ಮೆಮೊರಿಯು ತುಂಬಿ, ಡಿಸ್ಕಿನ ಗೆರೆಯು ನೂರಕ್ಕೆ ಏರಿ, ಚಿತ್ರವು ಆಗಾಗ ಸ್ತಬ್ಧವಾದರೆ ಕೊರತೆಯಿರುವುದು ಕೆರೆಯಲ್ಲಿ. ಮೆಮೊರಿಯು ಸಾಕಷ್ಟು ಉಳಿದಿದ್ದು, ಆಟವು ಮೊದಲಿನಿಂದಲೂ ಒಂದೇ ಸಮನೆ ನಿಧಾನವಾಗಿದ್ದರೆ ತೂಬು ಕಿರಿದು, ಇಲ್ಲವೆ ಗ್ರಾಫಿಕ್ಸಿನ ಶಕ್ತಿಯೇ ಅಷ್ಟು. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕುಗ್ಗಿದರೆ ಕಾರಣವು ಮೆಮೊರಿಯಲ್ಲ, ಶಾಖ. ಪ್ರೊಸೆಸರು ಮತ್ತು ಗ್ರಾಫಿಕ್ಸು ಒಂದೇ ತುಣುಕಿನಲ್ಲಿ ಇರುವುದರಿಂದ, ಬಿಸಿಯೇರಿದಾಗ ಎರಡೂ ವೇಗವನ್ನು ತಗ್ಗಿಸಿಕೊಳ್ಳುವುವು. ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಹಾಸಿಗೆಯ ಮೇಲಿಟ್ಟು ಆಡುವವರು ರ‍್ಯಾಮನ್ನು ಕೊಂಡು ಹಣ ಕಳೆಯುವ ಮುನ್ನ ಯಂತ್ರವನ್ನು ಹಲಗೆಯ ಮೇಲಿಟ್ಟು, ಗಾಳಿಯ ಕಿಂಡಿಯ ಧೂಳನ್ನು ತೆಗೆಸಿ ನೋಡಲಿ.

ಹಣ ಬೇಡದ ಪರಿಹಾರಗಳಲ್ಲಿ ಮೊದಲನೆಯದು ಬ್ರೌಸರನ್ನು ಮುಚ್ಚುವುದು. ಇದನ್ನು ಹೇಳಬೇಕಾಗಿ ಬಂದುದಕ್ಕೆ ವಾಚಕರು ಕ್ಷಮಿಸಬೇಕು. ಆದರೆ ನಾವು ನೋಡಿದ ಯಂತ್ರಗಳಲ್ಲಿ ಅರ್ಧಕ್ಕೂ ಮಿಕ್ಕವುಗಳಲ್ಲಿ ಹತ್ತಿಪ್ಪತ್ತು ಪುಟಗಳು ತೆರೆದೇ ಇದ್ದುವು. ಎರಡನೆಯದು ಆಟದ ಚಿತ್ರದ ಗುಣಮಟ್ಟವನ್ನು ಇಳಿಸುವುದು. ಇಲ್ಲಿ ಯಾವುದನ್ನು ಇಳಿಸಿದರೆ ಏನು ಉಳಿಯುತ್ತದೆಂಬ ಲೆಕ್ಕವನ್ನು ತಿಳಿದಿರುವುದು ಅವಶ್ಯ. 1920ಕ್ಕೆ 1080ರ ತೆರೆಯ ಒಂದು ಚಿತ್ರಕ್ಕೆ, ಚುಕ್ಕೆಗೆ 4 ಬೈಟಿನಂತೆ, ಸುಮಾರು 83 ಲಕ್ಷ ಬೈಟು ಬೇಕು. 1280ಕ್ಕೆ 720ರದಕ್ಕೆ ಸುಮಾರು 37 ಲಕ್ಷ. ಎಂದರೆ ಸ್ಥಳದ ಉಳಿತಾಯವು ಕೆಲವೇ ಮೆಗಾಬೈಟುಗಳು. ಆದರೆ ಸೆಕೆಂಡಿಗೆ ಹಲವು ಹತ್ತು ಬಾರಿ ಬರೆಯಬೇಕಾದ ಚುಕ್ಕೆಗಳು ಅರ್ಧಕ್ಕಿಂತಲೂ ಕಡಮೆಯಾಗುವುದರಿಂದ ತೂಬಿನ ಮೇಲಣ ಒತ್ತಡವು ಬಹಳ ಇಳಿಯುವುದು. ಕೆರೆಯನ್ನು ಬರಿದು ಮಾಡುವುದು ಟೆಕ್ಸ್‌ಚರ್ ಎಂಬ ಮೈಹೊದಿಕೆಯ ಚಿತ್ರಗಳು. 4096 ಚುಕ್ಕೆ ಅಗಲ, ಅಷ್ಟೇ ಎತ್ತರವುಳ್ಳ ಒಂದೇ ಹೊದಿಕೆಯು ಸಂಕುಚಿತಗೊಳಿಸದಿದ್ದಲ್ಲಿ 64 ಮೆಗಾಬೈಟ್. ಅದನ್ನು 2048ಕ್ಕೆ ಇಳಿಸಿದರೆ 16. ಒಂದು ಮೆಟ್ಟಿಲು ಇಳಿದರೆ ನಾಲ್ಕರಲ್ಲಿ ಮೂರು ಪಾಲು ಉಳಿತಾಯ. ಆದುದರಿಂದ ಸ್ತಬ್ಧವಾಗುವ ಆಟದಲ್ಲಿ ಟೆಕ್ಸ್‌ಚರನ್ನೂ, ಒಂದೇ ಸಮನೆ ನಿಧಾನವಾದ ಆಟದಲ್ಲಿ ರೆಸಲ್ಯೂಷನ್ನನ್ನೂ ಮೊದಲು ಇಳಿಸತಕ್ಕದ್ದು. ಮೇಲೆ ಹೇಳಿದ ಆಟಕ್ಕೆ ಉಚಿತವಾಗಿ ದೊರೆಯುವ ಹೆಚ್ಚುವರಿ ಸ್ಫುಟಚಿತ್ರಗಳ ಸಂಪುಟವೊಂದಿದೆ. ಉಚಿತವೆಂದು ಅದನ್ನು ಹಾಕಿಕೊಂಡವರೇ ಹೆಚ್ಚಾಗಿ ನಮ್ಮ ಬಳಿಗೆ ಬಂದರು. ತೆಗೆದುಹಾಕಿದರೆ ಆಟಕ್ಕೆ ಕುಂದಿಲ್ಲ.

ವಿಂಡೋಸಿನ ರಿಜಿಸ್ಟ್ರಿಯಲ್ಲಿ 'ಡೆಡಿಕೇಟೆಡ್ ಸೆಗ್ಮೆಂಟ್ ಸೈಜ್' ಎಂಬ ಬೆಲೆಯನ್ನು ಬರೆದು 128ನ್ನು 512 ಮಾಡುವ ಉಪಾಯವೊಂದು ವಿದ್ಯಾರ್ಥಿಗಳಲ್ಲಿ ಪ್ರಚಾರದಲ್ಲಿದೆ. ಶಾಸನಾಭ್ಯಾಸಿಗಳಿಗೆ ಇದು ಅಪರಿಚಿತವಾದ ವಿದ್ಯೆಯಲ್ಲ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟರು ವಾದಿಸಿದುದನ್ನೂ ಬಿ. ಎಲ್. ರೈಸರು ಅದನ್ನು ಪ್ರತಿಭಟಿಸಿದುದನ್ನೂ ಬಲ್ಲೆವು. ಈ ಬೆಲೆಯೂ ಒಂದು ಕೂಟಶಾಸನವೇ: ಆಟವು ಕೇಳಿದಾಗ ದೊಡ್ಡ ಸಂಖ್ಯೆಯನ್ನು ತೋರಿಸುತ್ತದೆ, ಒಂದು ಬೈಟನ್ನೂ ಹೆಚ್ಚಿಸುವುದಿಲ್ಲ. ಸಂಖ್ಯೆಯನ್ನು ನೋಡಿಯೇ ತೆರೆಯಲು ನಿರಾಕರಿಸುವ ಕೆಲವು ಆಟಗಳಿಗೆ ಮಾತ್ರ ಇದರಿಂದ ಪ್ರಯೋಜನ. ಬಯೋಸಿನಲ್ಲಿ ಮೀಸಲು ಪಾಲನ್ನು ನಿಜವಾಗಿ ಬದಲಿಸುವ ಅವಕಾಶವು ಕೆಲವು ಯಂತ್ರಗಳಲ್ಲಿದೆ. ಎಎಂಡಿ ಪ್ರೊಸೆಸರಿನ ಯಂತ್ರಗಳಲ್ಲಿ ಅದಕ್ಕೆ 'ಯುಎಂಎ ಫ್ರೇಮ್ ಬಫರ್ ಸೈಜ್' ಎಂದು ಹೆಸರು. ಒಟ್ಟು ರ‍್ಯಾಮ್ ಕಡಮೆಯಿರುವಲ್ಲಿ ಇದನ್ನು ಏರಿಸಿದರೆ ತೋಟಕ್ಕೆ ಕೊಟ್ಟು ಗದ್ದೆಯನ್ನು ಒಣಗಿಸಿದಂತೆ.

ಇಷ್ಟೆಲ್ಲ ಆದ ಬಳಿಕ ಹುಡುಗನ ಯಂತ್ರದ ಪುಟವನ್ನು ತೆರೆದು ನೋಡಿದೆವು. ಎರಡು ಸ್ಲಾಟುಗಳಲ್ಲಿ ಒಂದು ಬರಿದಾಗಿದ್ದಿತು. ಅದೇ ಜಾತಿಯ 4 ಗಿಗಾಬೈಟಿನ ಇನ್ನೊಂದು ಪಟ್ಟಿಯನ್ನು ತರಿಸಿ ಕೂರಿಸಿದುದರಿಂದ ಕೆರೆಯೂ ಇಮ್ಮಡಿಯಾಯಿತು, ತೂಬೂ ಇಮ್ಮಡಿಯಾಯಿತು. ಸಾಧಾರಣ ಗುಣಮಟ್ಟದಲ್ಲಿ ರಾಜೇಂದ್ರನ ಸೈನ್ಯವು ತಡೆಯಿಲ್ಲದೆ ನಡೆಯಿತು. ಸಾಹುಕಾರರ ಮುಂಗಡವು ತಪ್ಪಿತು. ಎಲ್ಲರಿಗೂ ಇಂಥ ಅದೃಷ್ಟವಿಲ್ಲವೆಂಬುದನ್ನೂ ಹೇಳಬೇಕು. ಕೆಲವು ತೆಳುವಾದ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಫಲಕಕ್ಕೇ ಬೆಸೆದಿರುತ್ತಾರೆ. ಅಲ್ಲಿ ಸೇರಿಸಲು ಎಡೆಯೇ ಇಲ್ಲ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವು ಒಂದರ ಸ್ಥಾನದಲ್ಲಿ ಒಂದು ಕೂರುವುದಿಲ್ಲ. ವಾರಂಟಿಯಿರುವ ಯಂತ್ರವನ್ನು ಬಿಚ್ಚುವ ಮುನ್ನ ಅದರ ನಿಯಮವನ್ನು ಓದಿಕೊಳ್ಳತಕ್ಕದ್ದು.

ಆಟಕ್ಕಾಗಿ ಕಲಿತ ಈ ಲೆಕ್ಕವು ವಿಭಾಗದ ಕೆಲಸಕ್ಕೂ ಒದಗಿತು. 1892ರಲ್ಲಿ ರೈಸರು ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನವು. ಇಂಥ ಶಿಲೆಯ ಫೋಟೋಗಳಿಂದ ರಚಿಸಿದ ಮೂರು ಆಯಾಮದ ಮಾದರಿಯನ್ನು ನಮ್ಮ ಯಂತ್ರಗಳಲ್ಲಿ ತೆರೆದಾಗ ಮೊದಲು ಅದೇ ತೊದಲು ಕಾಣಿಸಿತು. ಆದರೆ ಇಲ್ಲಿ ಉಳಿಸಿಕೊಳ್ಳಬೇಕಾದುದು ಬಣ್ಣದ ಹೊದಿಕೆಯಲ್ಲ, ಕಲ್ಲಿನ ಉಬ್ಬುತಗ್ಗು; ಅಕ್ಷರವಿರುವುದು ಕೊರೆತದಲ್ಲಿ. ಹೊದಿಕೆಯನ್ನು 4096ರಿಂದ 1024ಕ್ಕೆ ಇಳಿಸಿ, ಆಕಾರವನ್ನು ಇದ್ದಂತೆಯೇ ಬಿಟ್ಟೆವು. ಲಿಪಿಕಾರ ಚಪಡನು ತನ್ನ ವೃತ್ತಿಯನ್ನು ಮಾತ್ರ ಖರೋಷ್ಠೀ ಲಿಪಿಯಲ್ಲಿ ಬರೆದಿರುವ ಕೊನೆಯ ಭಾಗವನ್ನು, ಆ ನೇಕಾರರ ಮನೆಯ ಹುಡುಗನೇ ತನ್ನ ಯಂತ್ರದಲ್ಲಿ ಓರೆಬೆಳಕಿಗೆ ತಿರುಗಿಸಿ ನಮಗೆ ತೋರಿಸಿದನು.