ನಾಲ್ಕು ಮೀಟರಿನೊಳಗೆ ಏಳು ಸೀಟು

ಬೆಂಗಳೂರಿನ ಬಸವೇಶ್ವರನಗರದ ಓದುಗರೊಬ್ಬರು ಕೇಳಿದ್ದಾರೆ: ಮನೆಯಲ್ಲಿ ಅಜ್ಜ, ಅಜ್ಜಿ, ಮಕ್ಕಳು ಸೇರಿ ಏಳು ಜನ. ಇನ್ನೋವಾ ಕೊಳ್ಳಲು ದುಡ್ಡು ಸಾಲದು, ಕೊಂಡರೂ ಗೇಟಿನೊಳಗೆ ಹಿಡಿಸದು. ರೆನೋ ಟ್ರೈಬರ್ ತಗೊಳ್ಳಬಹುದೇ? ಡಿಸೈರ್‌ನಷ್ಟೇ ಉದ್ದದ ಗಾಡಿಯಲ್ಲಿ ಏಳು ಸೀಟು ಹೇಗೆ ಬಂತು?

2019ರಲ್ಲಿ ಮಾರುಕಟ್ಟೆಗೆ ಬಂದ ಟ್ರೈಬರ್‌ನ ಉದ್ದ 3990 ಮಿ.ಮೀ. ಈ ಅಳತೆಯನ್ನು ತೀರ್ಮಾನಿಸಿದ್ದು ತೆರಿಗೆ. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರಿಗಿಂತ ಗಿಡ್ಡವಾದ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಆ ಗೆರೆ ಇಂದಿಗೂ ಅಳಿಸಿಲ್ಲ. 2025ರ ಸೆಪ್ಟೆಂಬರ್‌ನಿಂದ ಗೆರೆಯೊಳಗಿನ ಪೆಟ್ರೋಲ್ ಕಾರಿಗೆ ಶೇ. 18 ಜಿಎಸ್‌ಟಿ, ಗೆರೆ ದಾಟಿದ ಎರ್ಟಿಗಾದಂಥ ಗಾಡಿಗೆ ಶೇ. 40.

ಗಿಡ್ಡ ಗಾಡಿಯಲ್ಲಿ ಜನರನ್ನು ತುಂಬುವ ಕಲೆ ನಮ್ಮವರಿಗೆ ಹೊಸದಲ್ಲ. 1984ರಲ್ಲಿ ಬಂದ, ಮುಂದೆ ಓಮ್ನಿ ಎಂದು ಹೆಸರಾದ ಮಾರುತಿ ವ್ಯಾನ್ ಎಂಜಿನ್ನನ್ನೇ ಮುಂದಿನ ಸೀಟುಗಳ ಕೆಳಗೆ ತಳ್ಳಿತ್ತು. ಜಾಗವೇನೋ ಸಿಕ್ಕಿತು, ಆದರೆ ಗುದ್ದಿದರೆ ಚಾಲಕನ ಮೊಣಕಾಲಿನ ಮುಂದೆ ತೆಳ್ಳನೆಯ ತಗಡು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆ ವ್ಯಾನಿನ ಕಾಲ ಮುಗಿದದ್ದು ಒಳ್ಳೆಯದೇ ಆಯಿತು.

ಟ್ರೈಬರ್ ಮಾಡಿದ ಉಪಾಯ ಬೇರೆ, ನಿಜಕ್ಕೂ ಸೊಗಸಾದದ್ದು. ತಗ್ಗಿನ ಸೋಫಾದಲ್ಲಿ ಕೂತವರ ಕಾಲು ಟೀಪಾಯಿಯವರೆಗೆ ಚಾಚಿಕೊಳ್ಳುತ್ತದೆ. ಊಟದ ಮೇಜಿನ ಕುರ್ಚಿಯಲ್ಲಿ ಅದೇ ಕಾಲು ನೇರ ಕೆಳಕ್ಕಿಳಿಯುತ್ತದೆ. ಸೊಂಟ ಎತ್ತರವಾದಷ್ಟೂ ಮನುಷ್ಯನಿಗೆ ಬೇಕಾದ ಉದ್ದ ಕಮ್ಮಿ. ಹಾಗಾಗಿ ಇಲ್ಲಿ ಸೀಟುಗಳು ಎತ್ತರ, ಬೆನ್ನು ನೆಟ್ಟಗೆ. ಗಾಡಿಯನ್ನು ಪಕ್ಕದಿಂದ ನೋಡಿದರೆ ಮುಂದಿನ ಬಾಗಿಲು ಮುಗಿಯುವಲ್ಲಿ ಛಾವಣಿ ಸಣ್ಣಗೆ ಮೇಲೆದ್ದಿರುವುದು ಕಾಣುತ್ತದೆ. ಹಿಂದಿನವರ ತಲೆಗೆಂದು ಮಾಡಿದ ಈ ಉಬ್ಬನ್ನು ಮೇಲಿನ ರೇಲ್ ಕಂಬಿಗಳು ಮರೆಮಾಡಿವೆ. ಚಕ್ರಗಳನ್ನೂ ನಾಲ್ಕು ಮೂಲೆಗೆ ಒತ್ತರಿಸಿದ್ದಾರೆ. ಡಿಸೈರ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2450 ಮಿ.ಮೀ. ಅಂತರವಿದ್ದರೆ ಇಲ್ಲಿ 2636. ಇನ್ನೊಂದು ಲಾಭವೂ ಉಂಟು: ಮಂಡಿ ನೋವಿನ ಅಜ್ಜಿ ಬಗ್ಗದೆ, ಏಳುವಾಗ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯಬಹುದು.

ಆದರೆ ಆಕೆ ಕೂರಬೇಕಾದ್ದು ಮಧ್ಯದ ಸಾಲಿನಲ್ಲಿ. ಕೊನೆಯ ಸಾಲಿನಲ್ಲಿ ನೆಲವೇ ಮೇಲಕ್ಕೇರಿರುವುದರಿಂದ ಈ ಉಪಾಯ ಅಲ್ಲಿ ಕೈಕೊಡುತ್ತದೆ, ಮಂಡಿ ಎದೆಯ ಕಡೆ ಬರುತ್ತದೆ. ಅದು ಮಕ್ಕಳ ಜಾಗ.

ಏಳು ಸೀಟೆಂದರೆ ಏಳು ಜನ ಮತ್ತು ಅವರ ಲಗೇಜು ಎಂದು ನಂಬುವವರು ತುಂಬ. ಏಳೂ ಸೀಟು ಹಾಕಿದಾಗ ಡಿಕ್ಕಿಯಲ್ಲಿ ಉಳಿಯುವುದು 84 ಲೀಟರ್, ಅಂದರೆ ಮಕ್ಕಳ ಸ್ಕೂಲ್ ಬ್ಯಾಗುಗಳಿಗೆ ಸರಿಹೋದೀತು. ಕೊನೆಯ ಎರಡು ಸೀಟುಗಳನ್ನು ಬೇರೆ ಬೇರೆಯಾಗಿ ಕಳಚಿ ಮನೆಯಲ್ಲಿ ಇಟ್ಟು ಹೊರಟರೆ ಅದೇ ಜಾಗ 625 ಲೀಟರ್ ಆಗುತ್ತದೆ. ವಾರವೆಲ್ಲ ಐವರು, ಹಬ್ಬಕ್ಕೆ ಏಳು ಮಂದಿ ಎನ್ನುವ ಸಂಸಾರಕ್ಕೆ ಇದಕ್ಕಿಂತ ಹೊಂದುವ ಗಾಡಿ ಈ ಬೆಲೆಯಲ್ಲಿ ಸಿಗುವುದು ಕಷ್ಟ. ಪ್ರತಿ ತಿಂಗಳೂ ಏಳು ಜನ ಸೂಟ್‌ಕೇಸ್ ಸಮೇತ ಊರಿಗೆ ಹೋಗುವವರು ಇದನ್ನು ಕೊಳ್ಳಬಾರದು; ಓಡಿಸಿದ ಎರ್ಟಿಗಾ ಹುಡುಕುವುದು ವಾಸಿ.

ಎಂಜಿನ್ನಿನ ಲೆಕ್ಕ ನೋಡಿ. 999 ಸಿಸಿ, ಮೂರು ಸಿಲಿಂಡರ್, 72 ಅಶ್ವಶಕ್ತಿ. ಗಾಡಿಯ ತೂಕ ಸುಮಾರು 950 ಕಿಲೋ. ತಲಾ 65 ಕಿಲೋದ ಏಳು ಜನ ಕೂತರೆ ಇನ್ನೂ 455 ಕಿಲೋ. ಸಾಲದ್ದಕ್ಕೆ, ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ರಾಜಾಜಿನಗರದಲ್ಲಿ ಗಾಳಿಯೇ ಶೇ. 8ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ನು ಅಷ್ಟು ಕಡಿಮೆ ಉಸಿರೆಳೆದು ಅಷ್ಟೇ ಕಡಿಮೆ ದುಡಿಯುತ್ತದೆ! ಹಾಗಂತ ಶಿರಾಡಿ ಘಾಟಿ ಹತ್ತದು ಎನ್ನುವುದು ಸುಳ್ಳು. ಇದರ ಪೂರ್ತಿ ಎಳೆತ ಸಿಗುವುದು 3500 ಆರ್‌ಪಿಎಂನಲ್ಲಿ. ಮಾಗಡಿ ರಸ್ತೆಯಲ್ಲಿ ಮೈಲೇಜಿನ ಆಸೆಗೆ ಬೇಗ ಬೇಗ ಗೇರ್ ಏರಿಸುವ ಅಭ್ಯಾಸವನ್ನು ಘಾಟಿಯ ಬುಡದ ಗುಂಡ್ಯದಲ್ಲೇ ಬಿಟ್ಟು, ಎರಡನೇ ಗೇರಿನಲ್ಲಿ ಎಂಜಿನ್ನು ಕೂಗಲು ಬಿಟ್ಟರೆ ಸಕಲೇಶಪುರ ತಲುಪಬಹುದು. ಲಾರಿಯನ್ನು ಹಿಂದೆ ಹಾಕುವ ಆತುರ ಮಾತ್ರ ಬೇಡ.

ಸುರಕ್ಷತೆಯ ಮಾತಿಗೆ ಬಂದರೆ, ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಾಡಿಯನ್ನು ಗುದ್ದಿಸಿ ನೋಡಿದ 2021ರ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ತಾರೆ, ಮಕ್ಕಳ ರಕ್ಷಣೆಗೆ ಮೂರು ಬಂದವು. ಒಳ್ಳೆಯ ಅಂಕವೇ, ಆದರೂ ಆಗಿನ ಗಾಡಿಯ ಒಡಲು ಅಸ್ಥಿರ ಎಂಬ ಷರಾ ಜೊತೆಗಿತ್ತು. 2025ರ ಹೊಸ ರೂಪಕ್ಕೆ ಆರು ಏರ್‌ಬ್ಯಾಗ್ ಬಂದಿವೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಮುಂದೆ ಹೊಸ ಗಾಡಿಗೆ ಪೂಜೆ ಮಾಡಿಸುವುದು ಅವರವರ ಭಕ್ತಿ. ಆದರೆ ಚಕ್ರದಡಿ ನಾಲ್ಕು ನಿಂಬೆಹಣ್ಣು ಜಜ್ಜಿದರೆ ಅಪಘಾತ ತಪ್ಪುತ್ತದೆಂದು ನಂಬಿ, ಕೊನೆಯ ಸಾಲಿನ ಮಕ್ಕಳಿಗೆ ಬೆಲ್ಟ್ ಹಾಕದೆ ಹೊರಡುವುದು ಶುದ್ಧ ಅವಿವೇಕ. ಆ ಮಕ್ಕಳ ತಲೆಗೂ ಹಿಂದಿನ ಗಾಜಿಗೂ ಅಂತರ ತೀರ ಕಡಿಮೆ. ಗಾಡಿ ತುಂಬ ಜನರಿದ್ದಾಗ ಟೈರಿಗೆ ಹೆಚ್ಚು ಗಾಳಿ ಬೇಕು. ಎಷ್ಟೆಂದು ಕಂಪನಿ ಕೊಟ್ಟ ಕೈಪಿಡಿಯಲ್ಲಿದೆ. ಕೆಂಗೇರಿ ದಾಟುವ ಮೊದಲು ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ನಿಂತು, ನಾಲ್ಕೂ ಚಕ್ರಕ್ಕೆ ಅಷ್ಟು ಹೊಡೆಸಿಕೊಂಡು, ಸ್ಟೆಪ್ನಿಯನ್ನೂ ನೋಡಿಸಿಕೊಂಡು ಹೊರಡಬೇಕು.