ಅಭ್ಯರ್ಥಿಯ ‘ಹಿನ್ನೆಲೆ’ ಅಳೆಯೋದು ಹೇಗೆ? ಸರೋಜಿನಿ ಮಹಿಷಿ ಕೊಟ್ಟ ಅಳತೆಗೋಲು

ಚುನಾವಣೆ ಬಂತೆಂದರೆ ಪ್ರತಿ ಕರಪತ್ರದಲ್ಲೂ ‘ಜನಸೇವಕ’, ‘ಪ್ರಗತಿಪರ ಹೋರಾಟಗಾರ’. ಇದರಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು?

ನನಗೆ ನೆನಪಾಗೋದು ಧಾರವಾಡದ ಸರೋಜಿನಿ ಮಹಿಷಿ. ಸಂಸ್ಕೃತ, ಕಾನೂನು ಓದಿ ಪಾಠ ಹೇಳಿದವರು. 1962ರಲ್ಲಿ ಧಾರವಾಡ ಉತ್ತರದಿಂದ ಲೋಕಸಭೆಗೆ ಆಯ್ಕೆಯಾಗಿ, ಸತತ ನಾಲ್ಕು ಸಲ ಗೆದ್ದರು. ಇಂದಿರಾ ಗಾಂಧಿ ಸರ್ಕಾರದಲ್ಲಿ ಸಚಿವೆಯೂ ಆದರು. ಆದರೆ ಜನ ನೆನೆಯೋದು ಆ ಹುದ್ದೆಗಳನ್ನಲ್ಲ, 1986ರ ವರದಿಯನ್ನು. ರಾಮಕೃಷ್ಣ ಹೆಗಡೆ ಸರ್ಕಾರ ನೇಮಿಸಿದ ಸಮಿತಿಯ ಅಧ್ಯಕ್ಷೆಯಾಗಿ, ಕನ್ನಡಿಗರ ಉದ್ಯೋಗದ ಬಗ್ಗೆ 58 ಶಿಫಾರಸು ಕೊಟ್ಟರು.

ಆ ವರದಿಯ ಬಲ ಇರೋದು ಅದರ ಸ್ಪಷ್ಟತೆಯಲ್ಲಿ. ಕನ್ನಡಿಗ ಯಾರು ಅನ್ನೋದಕ್ಕೆ ಜಾತಿ, ಧರ್ಮ ನೋಡಲಿಲ್ಲ. 15 ವರ್ಷದ ವಾಸ, ಕನ್ನಡದ ಓದು-ಬರಹ ನೋಡಿತು. ಒಪ್ಪದವರೂ ಅದನ್ನು ಮುಂದಿಟ್ಟುಕೊಂಡೇ ವಾದ ಮಾಡಬೇಕಾಯಿತು. 2024ರ ಜುಲೈನಲ್ಲಿ ಖಾಸಗಿ ಉದ್ಯೋಗ ಮೀಸಲಾತಿ ಮಸೂದೆಗೆ ಸಂಪುಟ ಒಪ್ಪಿ, ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿದಾಗಲೂ ಚರ್ಚೆ ಮತ್ತೆ ಮಹಿಷಿ ವರದಿಗೇ ಬಂತು.

ನಮ್ಮ ರಾಯಾಪುರದ ಕಾರ್ಖಾನೆಗಳಲ್ಲಿ ಗುತ್ತಿಗೆ ಮೇಲೆ ದುಡಿಯೋ ಹುಡುಗರಿಗೆ ಇದು ಅನ್ನದ ಪ್ರಶ್ನೆ. ಹಾಗಾಗಿ ಮತ ಕೇಳಲು ಬಂದವರಿಗೆ ಒಂದೇ ಮಾತು ಕೇಳ್ರಿ: ನೀವು ಯಾರ ಪರ ಇದ್ದೀರಿ ಅನ್ನೋದು ಬಿಡಿ, ಅವರಿಗಾಗಿ ಬರೆದುಕೊಟ್ಟದ್ದು ಏನು?