ಬಿಸ್ಕತ್ತಿಗೆ ಬಾಗಿದ ಜಿಂಕೆ

ಜಪಾನಿನ ನಾರಾದಲ್ಲಿ 200 ಯೆನ್ ಕೊಟ್ಟು ಹತ್ತು ಬಿಸ್ಕತ್ತಿನ ಕಟ್ಟು ಕೈಗೆ ತಗೊಂಡಿದ್ದೆ ಅಷ್ಟೇ, ಜಿಂಕೆಯೊಂದು ಎದುರಿಗೆ ಬಂದು ನಿಂತಿತು. ಮುಖ ನೋಡಿತು. ಕತ್ತು ತಗ್ಗಿಸಿತು, ಎತ್ತಿತು, ಮತ್ತೆ ತಗ್ಗಿಸಿತು. ಗಾಬರಿಯಲ್ಲಿ ನಾನೂ ಕೈಮುಗಿದೆ. ಅಂಗಡಿಯ ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು.

ನಗುವಂಥದ್ದೇ. ಜಪಾನಿನಲ್ಲಿ ಕೈ ಜೋಡಿಸುವುದು ಬುದ್ಧನ ಮುಂದೆ, ಊಟಕ್ಕೆ ಮುಂಚೆ. ಎದುರಾದವರಿಗೆ ಬರೀ ಬಾಗಬೇಕು. ಗಂಡಸರ ಕೈ ಪಕ್ಕಕ್ಕೆ, ಹೆಂಗಸರದು ಮುಂದಕ್ಕೆ. ಇದಕ್ಕೆ 'ಒಜಿಗಿ' ಎನ್ನುತ್ತಾರೆ. ಸಮುರಾಯ್‌ಗಳಿಗೆ ರೀತಿ ರಿವಾಜು ಕಲಿಸಿದ ಒಗಸವಾರಾ ಪರಂಪರೆ ಇಂದಿಗೂ ಬದುಕಿದೆ. ಕಂಪನಿಗಳ ತರಬೇತಿಯಲ್ಲಂತೂ 15, 30, 45 ಡಿಗ್ರಿ ಎಂದು ಪಾಠ ಹೇಳುತ್ತಾರೆ. ಕೋನಮಾಪಕ ಹಿಡಿದು ಯಾರು ನೋಡುತ್ತಾರೋ! ಫೋನಿನಲ್ಲಿ ಮಾತಾಡುತ್ತಲೇ, ಆಚೆ ಕಡೆಯವರಿಗೆ ಕಾಣದಿದ್ದರೂ, ಗೋಡೆಗೆ ಬಾಗುತ್ತಿದ್ದ ಒಬ್ಬ ನೌಕರನನ್ನು ನಿಲ್ದಾಣದಲ್ಲಿ ನೋಡಿದೆ. ಆ ಬಾಗುವಿಕೆಗೆ ಡಿಗ್ರಿ ಇರಲಿಲ್ಲ, ಅಭ್ಯಾಸ ಇತ್ತು.

ಹೊರಗಿನವರ ಕಣ್ಣಿಗೆ ಇದು ಒಂದೋ ದೈವಿಕ ವಿನಯ, ಇಲ್ಲವೇ ಗುಲಾಮಗಿರಿ. 2009ರಲ್ಲಿ ಒಬಾಮ ಅಕಿಹಿತೊ ಚಕ್ರವರ್ತಿಯ ಕೈ ಕುಲುಕುತ್ತಲೇ ಸೊಂಟ ಬಗ್ಗಿಸಿದಾಗ, ದೇಶದ ಮಾನ ಹೋಯಿತೆಂದು ಅಮೆರಿಕದಲ್ಲಿ ಕೂಗೆದ್ದಿತು. ಕುಲುಕುವುದು, ಬಾಗುವುದು ಎರಡನ್ನೂ ಒಟ್ಟಿಗೆ ಮಾಡಿದ್ದೇ ಒಬಾಮರ ನಿಜವಾದ ಎಡವಟ್ಟು.

ನನ್ನ ತಲೆ ಮಾತ್ರ ಇನ್ನೂ ಜಿಂಕೆಯಲ್ಲೇ ಇದೆ. ಕಸುಗ ದೇಗುಲದ ದೇವರು ಬಿಳಿ ಜಿಂಕೆಯೇರಿ ನಾರಾಗೆ ಬಂದನೆಂಬುದು ಐತಿಹ್ಯ. ಇಲ್ಲಿನ ಸಾವಿರಕ್ಕೂ ಹೆಚ್ಚು ಜಿಂಕೆಗಳು 1957ರಿಂದ ನೈಸರ್ಗಿಕ ಸ್ಮಾರಕ. 'ಜಪಾನಿನಲ್ಲಿ ಪ್ರಾಣಿಗಳಿಗೂ ಎಷ್ಟು ಸಂಸ್ಕಾರ!' ಎಂದು ಪ್ರವಾಸಿಗರು ಕರಗಿಹೋಗುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಬಾಗಿದರೆ ಅಕ್ಕಿ ತವಡಿನ ಬಿಸ್ಕತ್ತು ಸಿಗುತ್ತದೆ. ಜಿಂಕೆ ಕಲಿತಿರುವುದು ಇಷ್ಟೇ. ಕೊರೊನಾ ಕಾಲದಲ್ಲಿ ಜನ ಬಾರದೆ ಹೋದಾಗ ಜಿಂಕೆಗಳ ಬಾಗುವಿಕೆಯೂ ಕಡಿಮೆಯಾದದ್ದನ್ನು ನಾರಾ ಮಹಿಳಾ ವಿಶ್ವವಿದ್ಯಾಲಯದ ಸಂಶೋಧಕರು ಎಣಿಸಿ ತೋರಿಸಿದ್ದಾರೆ.

ಫೋಟೊಗೆಂದು ನಾನು ತುಸು ಸತಾಯಿಸಿದೆ. ಮೂರನೆಯ ಸಲ ಬಾಗಿದ್ದೇ ಕೊನೆ, ನಾಲ್ಕನೆಯದಕ್ಕೆ ನನ್ನ ಅಂಗಿಯ ತುದಿ ಅದರ ಬಾಯಲ್ಲಿತ್ತು. ಉಳಿದದ್ದನ್ನೆಲ್ಲ ಕೊಟ್ಟು, ಅಜ್ಜಿ ಸನ್ನೆ ಮಾಡಿದಂತೆ ಎರಡೂ ಅಂಗೈ ಬಿಡಿಸಿ ತೋರಿಸಿದೆ. ಜಿಂಕೆ ಮೂಸಿ ನೋಡಿತು. ಬಾಗಲಿಲ್ಲ. ಪಕ್ಕದಲ್ಲಿ ಕಟ್ಟು ಬಿಚ್ಚುತ್ತಿದ್ದ ಹುಡುಗನ ಮುಂದೆ ಹೋಗಿ ನಿಂತು, ಕತ್ತು ತಗ್ಗಿಸಿತು.